ಹಾಡಿನ ನಾಟಕದ ಮೋಹ

ಪ್ರಾಚೀನರು ನಾಟಕವನ್ನು ದೃಶ್ಯಕಾವ್ಯವೆಂದರು. ನಮ್ಮ ಜನರಾದರೋ ಅದನ್ನು ಕಿವಿಯಿಂದಲೇ ಹೆಚ್ಚಾಗಿ ಸವಿದರು. ಅಮೆರಿಕೆಯಲ್ಲಿ ಜಾಝ್ ಸಂಗೀತವು ಮೊಳಗುತ್ತಿದ್ದ 1920ರ ದಶಕದಲ್ಲಿ ಮೈಸೂರು ಸೀಮೆಯ ರಂಗವನ್ನು ಹಾರ್ಮೋನಿಯಮ್ಮು ಆಳುತ್ತಿದ್ದಿತು. ರತ್ನಾವಳಿ ನಾಟಕ ಸಭೆಯ ಎ. ವಿ. ವರದಾಚಾರ್ಯರು 1926ರಲ್ಲಿ ಕಾಲವಾದರೂ ಅವರ ಗಾಯನದ ಕೀರ್ತಿ ಮಾಸಲಿಲ್ಲ. ಗುಬ್ಬಿ ಕಂಪೆನಿಯ ‘ಸದಾರಮೆ’ ಮನೆಮಾತಾಯಿತು. ಸಭಿಕರು ‘ವನ್ಸ್ ಮೋರ್’ ಎಂದು ಕೂಗಿದರೆ ಸತ್ತ ಪಾತ್ರವೂ ಎದ್ದು ಹಾಡಬೇಕಾಗಿತ್ತೆಂಬ ಮಾತುಂಟು!

ಮಂಡಕಳ್ಳಿಯ ಹಿರಿಯರು ಬುತ್ತಿ ಕಟ್ಟಿ, ಗಾಡಿ ಹೂಡಿ ಮೈಸೂರಿಗೆ ಹೋಗಿ, ಬೆಳಗಿನ ಜಾವ ಹಾಡು ಗುನುಗುತ್ತ ಮರಳುತ್ತಿದ್ದರೆಂದು ನಾವು ಬಾಲ್ಯದಲ್ಲಿ ಕೇಳಿದ್ದೇವೆ. ಈ ಮೋಹಕ್ಕೆ ಕಾರಣವೇನು? ಮಾತಿಗೆ ನಿಲುಕದ ದುಃಖವನ್ನು ರಾಗವು ನಿವೇದಿಸುತ್ತದೆ; ಅಕ್ಷರವರಿಯದವರ ಕೊರಳಿನಲ್ಲಿಯೂ ಹಾಡು ಮನೆಯವರೆಗೆ ಬರುತ್ತದೆ.

1934ರಲ್ಲಿ ‘ಸತಿ ಸುಲೋಚನ’ ವಾಕ್ಚಿತ್ರವು ಬಂದಿತು. ರಂಗದ ನಟರಾದ ಸುಬ್ಬಯ್ಯನಾಯ್ಡು, ನಾಗೇಂದ್ರರಾಯರೇ ಅದರಲ್ಲಿ ಅಭಿನಯಿಸಿದರು. ಕ್ರಮೇಣ ಪ್ರೇಕ್ಷಕರೂ ತೆರೆಯತ್ತ ಸರಿದರು. ಅಮೆರಿಕೆಯವರು 1975ರಲ್ಲಿ ‘ಷಿಕಾಗೋ’ ಎಂಬ ಸಂಗೀತನಾಟಕದ ಮೂಲಕ ತಮ್ಮ ಜಾಝ್ ಯುಗವನ್ನು ಮರಳಿ ರಂಗಕ್ಕೇರಿಸಿದರು. ನಾವು? ಗಾಡಿ ಹೂಡುತ್ತಿದ್ದ ಮಂಡಕಳ್ಳಿಯಲ್ಲಿ ಇಂದು ವಿಮಾನನಿಲ್ದಾಣವಿದೆ. ಆ ಹಾಡುಗಳನ್ನು ಬಲ್ಲ ಅಜ್ಜಿಯರು ಮಾತ್ರ ವಿರಳರು. ಮನೆಯಲ್ಲಿ ಅಂತಹವರಿದ್ದರೆ, ದೀಪ ಹಚ್ಚಿದ ಮೇಲೆ ಒಂದು ಹಾಡು ಹಾಡಿಸಿ ಮಕ್ಕಳಿಗೆ ಕಲಿಸಬೇಕೆಂದು ವಾಚಕ ಮಹಾಶಯರಲ್ಲಿ ನಮ್ಮ ಬಿನ್ನಹ.