ಮೊಣಕಾಲಿನ ಅಸ್ಥಿರಜ್ಜುಗಳೂ ಮಲೆನಾಡಿನ ಆಟಗಾರರೂ

ಸಾಗರಕ್ಕೆ ಸಮೀಪವಾದ ವರದಹಳ್ಳಿಯು ಶ್ರೀಧರಸ್ವಾಮಿಗಳವರ ಆಶ್ರಮದಿಂದ ನಾಡಿಗೆಲ್ಲ ಪರಿಚಿತವಾದ ಕ್ಷೇತ್ರವಾಗಿದೆ. ಆ ಕ್ಷೇತ್ರದ ಮಹಿಮೆಯನ್ನು ಕುರಿತು ಬರೆಯುವುದು ಪ್ರಕೃತ ಲೇಖನದ ಉದ್ದೇಶವಲ್ಲ. ಅದನ್ನು ಸುತ್ತುವರಿದಿರುವ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ತರುಣರು ಕೊಯ್ಲಾದ ಗದ್ದೆಗಳ ಮೇಲೆ ಕಬಡ್ಡಿ, ವಾಲಿಬಾಲುಗಳನ್ನೂ, ಮಳೆಗಾಲದಲ್ಲಿ ಕೆಸರುಗದ್ದೆಯ ಓಟವನ್ನೂ ಹಗ್ಗಜಗ್ಗಾಟವನ್ನೂ ಬಹು ಉತ್ಸಾಹದಿಂದ ಆಡುವರು. ಇಂತಹ ಆಟಗಳಲ್ಲಿ ಒದಗುವ ಗಾಯಗಳ ಪೈಕಿ ಒಂದು, ಹೊರಗೆ ಯಾವ ಗುರುತನ್ನೂ ತೋರಿಸದೆ, ಆಳನ್ನು ವರ್ಷಗಟ್ಟಲೆ ಕುಂಟಿಸಬಲ್ಲದು. ಪಟ್ಟಣದ ಆಟಗಾರನಿಗೆ ಇದರಿಂದ ಆಟವೊಂದು ತಪ್ಪೀತು. ಅಡಕೆಯ ಮರವನ್ನೇರಿ ಕೊನೆ ಇಳಿಸುವ ಕೊನೆಗೌಡನಿಗೆ, ದಿನವೂ ಗುಡ್ಡದ ಇಳಿಜಾರಿನಲ್ಲಿ ಸೊಪ್ಪಿನ ಹೊರೆ ಹೊತ್ತು ಬರುವವನಿಗೆ, ಜೀವನೋಪಾಯವೇ ತಪ್ಪುವುದು.

ಮೊಣಕಾಲಿನ ರಚನೆಯನ್ನು ಪರ್ಯಾಲೋಚಿಸಿದರೆ ಆಶ್ಚರ್ಯವಾಗುತ್ತದೆ. ತೊಡೆಯ ಎಲುಬಿನ ದುಂಡಾದ ಎರಡು ತುದಿಗಳು ಜಂಘಾಸ್ಥಿಯ ಬಹುಮಟ್ಟಿಗೆ ಚಪ್ಪಟೆಯಾದ ತಲೆಯ ಮೇಲೆ ಕುಳಿತಿವೆ. ಸೊಂಟದ ಕೀಲಿನಲ್ಲಿ ಗುಂಡು ಕುಳಿಯೊಳಗೆ ಅಡಗಿರುವಂತೆ ಇಲ್ಲಿ ಅಡಗುವುದಕ್ಕೆ ಕುಳಿಯೇ ಇಲ್ಲ. ಎಲುಬುಗಳನ್ನು ಒಂದಕ್ಕೊಂದು ಬಿಗಿದಿರುವವು ಅಸ್ಥಿರಜ್ಜುಗಳೆಂಬ ಗಟ್ಟಿಯಾದ ಪಟ್ಟಿಗಳೇ. ಕೀಲಿನ ಎರಡು ಮಗ್ಗುಲಿಗೂ ಒಂದೊಂದು. ಒಳಗೆ, ಕತ್ತರಿಯ ಅಲಗುಗಳಂತೆ ಒಂದನ್ನೊಂದು ಹಾಯ್ದಿರುವವು ಎರಡು. ಈ ಒಳಗಿನ ಎರಡರಲ್ಲಿ ಮುಂದಣದನ್ನು ವೈದ್ಯರು ಎ.ಸಿ.ಎಲ್. ಎಂದು ಕರೆಯುವರು. ಅದರ ಉದ್ದವು ಸುಮಾರು ೩ ಸೆಂಟಿಮೀಟರು ಮಾತ್ರ. ಜಂಘಾಸ್ಥಿಯು ತೊಡೆಯ ಎಲುಬಿನಡಿಯಿಂದ ಮುಂದಕ್ಕೆ ಜಾರದಂತೆಯೂ ಮಿತಿಮೀರಿ ತಿರುಗದಂತೆಯೂ ತಡೆಯುವುದು ಅದರ ಕಾರ್ಯ. ಸುಶ್ರುತಸಂಹಿತೆಯಲ್ಲಿ ಹೇಳಿರುವ ೧೦೭ ಮರ್ಮಸ್ಥಾನಗಳಲ್ಲಿ ಜಾನುವೂ ಒಂದಾಗಿದ್ದು, ಅಲ್ಲಿನ ಪೆಟ್ಟಿನ ಫಲವು ಮರಣವಲ್ಲ, ಕುಂಟುತನ ಎಂದು ವಿಂಗಡಿಸಿರುವುದು ಗಮನಾರ್ಹವಾಗಿದೆ.

ಈ ರಜ್ಜುವು ಹರಿಯುವುದು ಹೇಗೆ? ಎದುರಾಳಿಯು ಬಂದು ಅಪ್ಪಳಿಸುವುದರಿಂದ ಎಂಬುದು ಸಾಮಾನ್ಯ ನಂಬಿಕೆ. ಅದು ಪೂರ್ತಿ ಸುಳ್ಳಲ್ಲ. ೨೦೧೬ರ ರಿಯೋ ಒಲಿಂಪಿಕ್ಸಿನಲ್ಲಿ ಕುಸ್ತಿಪಟು ವಿನೇಶ್ ಫೋಗಾಟರ ಮೊಣಕಾಲು ಎದುರಾಳಿಯ ಹಿಡಿತದಲ್ಲಿಯೇ ಪೆಟ್ಟುತಿಂದಿತು. ಆದರೆ ಬಹುಪಾಲು ಸಂದರ್ಭಗಳಲ್ಲಿ ಯಾರೂ ಮೊಣಕಾಲನ್ನು ಮುಟ್ಟಿಯೇ ಇರುವುದಿಲ್ಲ. ಆಟಗಾರನು ಓಡುತ್ತಿದ್ದವನು ಥಟ್ಟನೆ ತಿರುಗುತ್ತಾನೆ, ಇಲ್ಲವೆ ನೆಗೆದವನು ಒಂದೇ ಕಾಲಿನ ಮೇಲೆ ಇಳಿಯುತ್ತಾನೆ. ಪಾದವು ನೆಲಕ್ಕೆ ಕಚ್ಚಿಕೊಳ್ಳುತ್ತದೆ, ಮಂಡಿಯು ಒಳಕ್ಕೆ ವಾಲುತ್ತದೆ, ಮೈ ಬೇರೊಂದು ದಿಕ್ಕಿಗೆ ಹೋಗುತ್ತದೆ. ಕಬಡ್ಡಿಯಲ್ಲಿ ಎದುರು ಪಾಳೆಯದವನನ್ನು ಮುಟ್ಟಿ ಗೆರೆಯ ಕಡೆಗೆ ಹೊರಳುವ ಕ್ಷಣವೂ, ಖೋಖೋವಿನಲ್ಲಿ ಕಂಬವನ್ನು ಸುತ್ತುವ ಕ್ಷಣವೂ ಇಂತಹವೇ. ವಿಡಿಯೋ ಚಿತ್ರಗಳನ್ನು ಅಳೆದು ನೋಡಿದ ಸಂಶೋಧಕರು, ಪಾದವು ನೆಲಕ್ಕೆ ತಾಗಿದ ಸುಮಾರು ೪೦ ಮಿಲಿಸೆಕೆಂಡುಗಳೊಳಗಾಗಿ ಹಾನಿಯು ನಡೆದುಹೋಗುವುದೆಂದು ಕಂಡಿದ್ದಾರೆ. ಅಷ್ಟರಲ್ಲಿ ಎಚ್ಚರಗೊಂಡು ಕಾಲನ್ನು ಸರಿಪಡಿಸಿಕೊಳ್ಳುವುದು ಯಾವ ಮನುಷ್ಯನಿಂದಲೂ ಆಗದು. ಆದಕಾರಣ, ಆಟದಲ್ಲಿ ಜಾಗರೂಕನಾಗಿರೆಂದು ಹುಡುಗನಿಗೆ ಹೇಳುವ ಬುದ್ಧಿವಾದವು ನಿಷ್ಪ್ರಯೋಜಕ. ಇಳಿಯುವ, ನಿಲ್ಲುವ, ತಿರುಗುವ ಕ್ರಮವು ಮೊದಲೇ ಮೈಗೆ ರೂಢಿಯಾಗಿರಬೇಕು.

ನೆಲದ ವಿಷಯವಾಗಿ ಒಂದು ಮಾತು. ಮಳೆಗಾಲದ ಆಟವೇ ಹೆಚ್ಚು ಅಪಾಯಕರವೆಂದು ಯಾರಿಗಾದರೂ ತೋರಬಹುದು. ಆಸ್ಟ್ರೇಲಿಯದ ಫುಟ್‌ಬಾಲ್ ಆಟಗಾರರನ್ನು ಪರೀಕ್ಷಿಸಿದವರಿಗೆ ಕಂಡುಬಂದದ್ದು ಇದಕ್ಕೆ ವಿರುದ್ಧವಾದುದು: ಮಳೆ ಕಡಮೆಯಾಗಿ ನೆಲ ಒಣಗಿದ್ದಾಗಲೇ ಈ ರಜ್ಜು ಹೆಚ್ಚಾಗಿ ಹರಿದಿದೆ. ಜಾರಿದ ಪಾದವು ಮೈಯೊಡನೆ ತಿರುಗಿಬಿಡುತ್ತದೆ. ಹಿಡಿದ ಪಾದವು ತಿರುಗದು. ಹೀಗೆ ನೋಡಿದರೆ ತೆಳುವಾದ ಜಾರುಮಣ್ಣಿಗಿಂತ, ಕಾಲನ್ನು ಹರಡಿನವರೆಗೆ ನುಂಗಿ ಹಿಡಿಯುವ ಆಳವಾದ ಕೆಸರೂ, ಬಿರುಕುಬಿಟ್ಟ ಬೇಸಗೆಯ ಗದ್ದೆಯೂ, ಈಗೀಗ ಹಳ್ಳಿಗಳಿಗೂ ಬಂದಿರುವ ಕಬಡ್ಡಿಯ ಚಾಪೆಯ ಮೇಲಿನ ಹಿಡಿತವುಳ್ಳ ಬೂಟುಗಳೂ ಹೆಚ್ಚು ಶಂಕಾಸ್ಪದವೆಂದು ನನ್ನ ಅಭಿಪ್ರಾಯ. ಕೆಸರಿನಲ್ಲಿ ನೆಟ್ಟಗೆ ಓಡುವುದು ಒಂದು, ಅದರಲ್ಲಿ ಥಟ್ಟನೆ ಹೊರಳುವುದು ಮತ್ತೊಂದು.

ಇನ್ನು ಮಾಂಸಖಂಡಗಳು. ತೊಡೆಯ ಮುಂಭಾಗದ ಖಂಡವು, ಮಂಡಿಯು ಬಹುಮಟ್ಟಿಗೆ ನೆಟ್ಟಗಿರುವಾಗ, ಜಂಘಾಸ್ಥಿಯನ್ನು ಮುಂದಕ್ಕೆ ಎಳೆಯುತ್ತದೆ. ಹಿಂಭಾಗದವು ಅದನ್ನು ಹಿಂದಕ್ಕೆಳೆದು ರಜ್ಜುವಿಗೆ ಸಹಾಯಕವಾಗುತ್ತವೆ. ನಮ್ಮ ಗರಡಿಗಳ ಬಸ್ಕಿಯು ಶ್ಲಾಘ್ಯವಾದ ಸಾಧನೆಯೇ ಸರಿ. ಆದರೆ ಅದು ಮುಖ್ಯವಾಗಿ ಮುಂದಿನ ಖಂಡವನ್ನು ಬಲಪಡಿಸುವುದರಿಂದ ಅದೊಂದೇ ಸಾಲದು. ಮಂಡಿಯೂರಿ ಕುಳಿತು, ಜೊತೆಗಾರನಿಂದ ಹರಡುಗಳನ್ನು ಹಿಡಿಸಿಕೊಂಡು, ಬೆನ್ನನ್ನು ಬಾಗಿಸದೆ ಮೆಲ್ಲಗೆ ಮುಂದಕ್ಕೆ ವಾಲುವ ಸಾಧನೆಯನ್ನು ಅದಕ್ಕೆ ಸೇರಿಸತಕ್ಕದ್ದು. ಒಂಟಿಕಾಲಿನ ಮೇಲೆ ನಿಂತು ಚೆಂಡನ್ನು ಎಸೆದು ಹಿಡಿಯುವುದು, ನೆಗೆದು ಎರಡು ಮಂಡಿಗಳನ್ನೂ ಬಾಗಿಸಿ ಇಳಿಯುವುದು, ಒಂದೇ ದೊಡ್ಡ ಹೆಜ್ಜೆಯ ಬದಲು ಮೂರು ನಾಲ್ಕು ಪುಟ್ಟ ಹೆಜ್ಜೆಗಳಲ್ಲಿ ತಿರುಗುವುದು, ಇವು ಉಳಿದವು. ಮಂಡಿಯು ಪಾದದ ನೇರದಲ್ಲಿಯೇ ಇರಬೇಕು, ಒಳಕ್ಕೆ ವಾಲಕೂಡದು. ಇಳಿಯುವಾಗ ಸದ್ದಾದರೆ ಇಳಿದ ಕ್ರಮ ತಪ್ಪೆಂದು ತಿಳಿಯಬಹುದು. ಈ ಪರೀಕ್ಷೆಗೆ ಯಾವ ಉಪಕರಣವೂ ಬೇಕಿಲ್ಲ. ಮಂಡಿಗೆ ಏರಿಸುವ ಬಟ್ಟೆಯ ಚೀಲವು ಈ ಕೆಲಸವನ್ನು ಮಾಡಲಾರದು.

ಇಷ್ಟರಿಂದ ಫಲವುಂಟೇ ಎಂದು ವಾಚಕರು ಸಂದೇಹಪಡಬಹುದು. ೨೦೧೨ರಲ್ಲಿ ಪ್ರಕಟವಾದ ಸ್ವೀಡನ್ನಿನ ಪ್ರಯೋಗವೊಂದರಲ್ಲಿ ೧೨ರಿಂದ ೧೭ ವಯಸ್ಸಿನ ೪,೫೬೪ ಬಾಲಿಕೆಯರನ್ನು ಸೇರಿಸಿಕೊಂಡು, ಒಂದು ಪಂಗಡದವರಿಗೆ ವಾರಕ್ಕೆ ಎರಡು ಸಲ ೧೫ ನಿಮಿಷಗಳ ಇಂತಹ ಸಾಧನೆಯನ್ನು ಮಾಡಿಸಲಾಗಿ, ಅವರಲ್ಲಿ ಮುಂದಣ ರಜ್ಜುವಿನ ಗಾಯಗಳು ಶೇಕಡ ೬೪ರಷ್ಟು ಕಡಮೆಯಾದವು. ಬಾಲಿಕೆಯರ ಮೇಲೆ ಪ್ರಯೋಗಿಸಿದ್ದಕ್ಕೆ ಕಾರಣವುಂಟು. ಒಂದೇ ಆಟವನ್ನಾಡುವ ಗಂಡಸರಿಗಿಂತ ಹೆಂಗಸರಲ್ಲಿ ಈ ಗಾಯವು ಎರಡು ಮೂರು ಪಾಲು ಹೆಚ್ಚು. ನಮ್ಮ ಶಾಲೆಗಳ ಖೋಖೋ ತಂಡಗಳನ್ನು ಸಿದ್ಧಪಡಿಸುವ ಉಪಾಧ್ಯಾಯರು ಇದನ್ನು ವಿಶೇಷವಾಗಿ ಅರಿಯತಕ್ಕದ್ದು.

ಗಾಯವು ಆಗಿಯೇ ಹೋದರೆ? ಒಳಗೆ 'ಟಪ್' ಎಂದಂತಾಗಿ, ಕೆಲವು ಗಂಟೆಗಳೊಳಗೆ ಮೊಣಕಾಲು ಊದಿಕೊಂಡರೆ ರಜ್ಜು ಹರಿದಿರಬಹುದೆಂದು ಸಂಶಯಪಡಬೇಕು. ಎಣ್ಣೆ ಹಚ್ಚಿ ತಿಕ್ಕಿಸುವುದು ನಮ್ಮ ಕಡೆಯ ರೂಢಿ. ಒಳಗೆ ರಕ್ತ ಸುರಿಯುತ್ತಿರುವ ಕೀಲನ್ನು ತಿಕ್ಕುವುದರಿಂದ ಕೇಡೇ ಹೊರತು ಒಳಿತಿಲ್ಲ; ತಣ್ಣೀರಿನ ಬಟ್ಟೆ ಸುತ್ತಿ, ಕಾಲನ್ನು ಎತ್ತರದಲ್ಲಿರಿಸಿ, ವೈದ್ಯರ ಬಳಿಗೆ ಕರೆದೊಯ್ಯತಕ್ಕದ್ದು. ಅತಿ ಮೋಸಕರವಾದುದು ಮೂರನೆಯ ವಾರ. ಊತ ಇಳಿದಿರುತ್ತದೆ, ನಡಿಗೆ ಸರಾಗವಾಗಿರುತ್ತದೆ, ಹುಡುಗನು ಗುಣವಾಯಿತೆಂದು ಮೈದಾನಕ್ಕಿಳಿಯುತ್ತಾನೆ. ತಿರುಗಿದೊಡನೆ ಮಂಡಿಯು ಕೈಕೊಡುತ್ತದೆ. ಹಾಗೆ ಕೈಕೊಟ್ಟಾಗಲೆಲ್ಲ ಎಲುಬುಗಳ ನಡುವಣ ಮೃದ್ವಸ್ಥಿಯ ಬಿಲ್ಲೆಗಳು ಜಜ್ಜಿಹೋಗುವ ಭಯವಿದೆ. ಶಸ್ತ್ರಚಿಕಿತ್ಸೆಯಿಂದ ಹೊಸ ರಜ್ಜುವನ್ನು ಕೂಡಿಸಬಹುದು. ಆದರೆ ಒಂಬತ್ತು ತಿಂಗಳಿಗೆ ಮುಂಚೆ ಆಟಕ್ಕೆ ಮರಳಿದವರಲ್ಲಿ ಪುನಃ ಗಾಯವಾಗುವುದು ಹೆಚ್ಚೆಂದು ಗೊತ್ತಾಗಿದೆ.

ಕೊನೆಯದಾಗಿ, ನಮ್ಮ ಹಳ್ಳಿಯ ಪಂದ್ಯಾಟಗಳ ಪದ್ಧತಿ. ದೀಪದ ಬೆಳಕಿನಲ್ಲಿ ರಾತ್ರಿಯೆಲ್ಲ ನಡೆಯುವ ಇವುಗಳಲ್ಲಿ ಒಂದು ತಂಡವು ಹತ್ತು ಗಂಟೆಗೆ ಗೆದ್ದು, ಚಳಿಯಲ್ಲಿ ಕಂಬಳಿ ಹೊದ್ದು ಕುಳಿತಿದ್ದು, ಎರಡು ಗಂಟೆಗೆ ಹೆಸರು ಕೂಗಿದೊಡನೆ ಎದ್ದು ಅಂಗಣಕ್ಕೆ ಇಳಿಯುತ್ತದೆ. ಪಂದ್ಯವನ್ನು ನಡೆಸುವವರು ಮುಂದಿನ ಎರಡು ತಂಡಗಳ ಹೆಸರನ್ನು ಇಪ್ಪತ್ತು ನಿಮಿಷ ಮುಂಚಿತವಾಗಿ ಕೂಗಿ, ಗದ್ದೆಯ ಒಂದು ಮೂಲೆಯನ್ನು ಅವರಿಗಾಗಿ ತೆರವುಮಾಡಿಕೊಟ್ಟರೆ, ಮೇಲೆ ಹೇಳಿದ ಸಾಧನೆಗಳಿಗೆ ಬೇಕಾದ ಕಾಲವೂ ಸ್ಥಳವೂ ಅಲ್ಲಿಯೇ ದೊರೆಯುವುವು.