ಸಾರ್ವಜನಿಕ ಆರೋಗ್ಯದ ಉನ್ನತ ವ್ಯಾಸಂಗ: ಯಾವ ಪ್ರವೇಶ ಪರೀಕ್ಷೆ, ಯಾರಿಗೆ?



ವೈದ್ಯಕೀಯ, ದಂತವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಜೀವವಿಜ್ಞಾನ, ಸಮಾಜಕಾರ್ಯ ಮೊದಲಾದ ವಿಷಯಗಳಲ್ಲಿ ಪದವಿ ಪಡೆದ ನಮ್ಮ ನಾಡಿನ ಯುವಕ ಯುವತಿಯರಲ್ಲಿ ಕೆಲವರು ಅಮೆರಿಕಕ್ಕೆ ತೆರಳಿ ಸಾರ್ವಜನಿಕ ಆರೋಗ್ಯ ವಿಷಯದಲ್ಲಿ ಸ್ನಾತಕೋತ್ತರ ಪದವಿ, ಅಂದರೆ ಎಂ.ಪಿ.ಎಚ್., ಪಡೆಯಲು ಅಪೇಕ್ಷಿಸುತ್ತಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಈ ಹಾದಿಯ ಮೊದಲ ಹೆಜ್ಜೆಯಲ್ಲಿಯೇ ಅನೇಕ ಕುಟುಂಬಗಳು ಗೊಂದಲಕ್ಕೆ ಒಳಗಾಗುತ್ತವೆ. ಜಿ.ಆರ್.ಇ. ಬರೆಯಬೇಕೆ, ಎಂಕ್ಯಾಟ್ ಬರೆಯಬೇಕೆ, ಜಿಮ್ಯಾಟ್ ಆದೀತೆ, ಅಥವಾ ಯಾವ ಪರೀಕ್ಷೆಯೂ ಬೇಡವೆ? ಒಬ್ಬರು ಒಂದು ಹೇಳಿದರೆ ಮತ್ತೊಬ್ಬರು ಇನ್ನೊಂದು ಹೇಳುತ್ತಾರೆ. ಸರಿಯಾದ ಉತ್ತರ ದೊರೆಯುವ ಮೊದಲೇ ತರಬೇತಿ ಕೇಂದ್ರಕ್ಕೆ ಶುಲ್ಕ ಕಟ್ಟಿಯಾಗಿರುತ್ತದೆ. ಹೊಲದ ಮೇಲೆ ಸಾಲ ತೆಗೆದು ಮಕ್ಕಳನ್ನು ಓದಿಸುವ ಪಾಲಕರಿಗೆ ಒಂದು ವರುಷದ ವಿಳಂಬವೂ, ಬೇಡದ ಪರೀಕ್ಷೆಯ ವೆಚ್ಚವೂ ಸಣ್ಣ ಸಂಗತಿಗಳಲ್ಲ. ಆದುದರಿಂದ ಈ ವಿಷಯವನ್ನು ಕ್ರಮವಾಗಿ ತಿಳಿಸಲು ನಾವು ಇಲ್ಲಿ ಪ್ರಯತ್ನಿಸುತ್ತೇವೆ.

ಗೊಂದಲದ ಮೂಲ

ಗೊಂದಲಕ್ಕೆ ಕಾರಣ ನಮ್ಮಲ್ಲಿನ ರೂಢಿಯೇ ಆಗಿದೆ. ಕರ್ನಾಟಕದಲ್ಲಿ ಪಿಯುಸಿ ಮುಗಿಸಿದ ವಿದ್ಯಾರ್ಥಿ ಮೊದಲು ಸಿಇಟಿ ಅಥವಾ ನೀಟ್ ಬರೆಯುತ್ತಾನೆ. ಆಮೇಲೆ ರ‍್ಯಾಂಕ್ ಬರುತ್ತದೆ. ರ‍್ಯಾಂಕ್ ನೋಡಿ ಕಾಲೇಜು ದೊರೆಯುತ್ತದೆ. ಪರೀಕ್ಷೆ ಮೊದಲು, ಕಾಲೇಜು ಅನಂತರ. ಅಮೆರಿಕದ ಸಾರ್ವಜನಿಕ ಆರೋಗ್ಯ ಶಾಲೆಗಳಲ್ಲಿ ಈ ಕ್ರಮ ತಿರುವುಮುರುವಾಗಿದೆ. ಅಲ್ಲಿ ಎಲ್ಲರಿಗೂ ಸಮಾನವಾದ ಒಂದು ಪ್ರವೇಶ ಪರೀಕ್ಷೆಯಾಗಲಿ, ರ‍್ಯಾಂಕ್ ಪಟ್ಟಿಯಾಗಲಿ ಇಲ್ಲ. ಪ್ರತಿಯೊಂದು ಶಾಲೆಯೂ, ಒಂದೇ ಶಾಲೆಯೊಳಗಿನ ಪ್ರತಿಯೊಂದು ಪಠ್ಯಕ್ರಮವೂ ತನ್ನ ನಿಯಮವನ್ನು ತಾನೇ ಮಾಡಿಕೊಳ್ಳುತ್ತದೆ. ಆದುದರಿಂದ ಮೊದಲು ಪಠ್ಯಕ್ರಮವನ್ನು ಆರಿಸಬೇಕು. ಪರೀಕ್ಷೆಯ ನಿರ್ಧಾರ ಅದರ ಹಿಂದೆ ಬರಬೇಕು. ಈ ಲೇಖನದ ಸಾರವೇ ಇದು. ಉಳಿದುದೆಲ್ಲ ಇದರ ವಿವರಣೆ.

ಈ ವಿದ್ಯೆಯ ಸ್ವರೂಪ

ವೈದ್ಯನು ತನ್ನ ಮುಂದೆ ಕುಳಿತ ಒಬ್ಬ ರೋಗಿಯನ್ನು ನೋಡುತ್ತಾನೆ. ಸಾರ್ವಜನಿಕ ಆರೋಗ್ಯದ ಕಾರ್ಯಕರ್ತನು ಇಡೀ ಊರನ್ನು ನೋಡುತ್ತಾನೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ ಮಂಗಗಳು ಸಾಯತೊಡಗಿದಾಗ, ಸುತ್ತಲಿನ ಜನರಲ್ಲಿಯೂ ತೀವ್ರ ಜ್ವರ ಕಾಣಿಸಿಕೊಂಡಿತು. ಜ್ವರ ಬಂದವರಿಗೆ ಚಿಕಿತ್ಸೆ ನೀಡುವುದು ವೈದ್ಯನ ಕೆಲಸವಾಯಿತು. ಮಂಗಗಳ ಸಾವಿಗೂ ಮನುಷ್ಯರ ಜ್ವರಕ್ಕೂ ಇರುವ ಸಂಬಂಧವೇನು, ಕಾಡಿನ ಉಣುಗುಗಳಿಂದ ರೋಗ ಹರಡುವ ಬಗೆ ಹೇಗೆ, ಯಾರು ಕಾಡಿಗೆ ಹೋಗುತ್ತಾರೆ, ಯಾವ ತಿಂಗಳಲ್ಲಿ ಅಪಾಯ ಹೆಚ್ಚು ಎಂದು ಲೆಕ್ಕ ಹಾಕಿ ತಡೆಯುವುದು ಸಾರ್ವಜನಿಕ ಆರೋಗ್ಯದ ಕೆಲಸವಾಯಿತು. ಮಂಗನ ಕಾಯಿಲೆಯ ಈ ಉದಾಹರಣೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ, ಎಂ.ಪಿ.ಎಚ್. ಪಠ್ಯದಲ್ಲಿ ಸಾಂಕ್ರಾಮಿಕ ರೋಗಶಾಸ್ತ್ರ, ಸಂಖ್ಯಾಶಾಸ್ತ್ರ, ಪರಿಸರ ಆರೋಗ್ಯ, ಆರೋಗ್ಯ ಆಡಳಿತ, ಜನರ ನಡವಳಿಕೆಯ ಅಧ್ಯಯನ ಇವೆಲ್ಲ ಏಕೆ ಇವೆ ಎಂಬುದು ತಾನಾಗಿಯೇ ತಿಳಿಯುತ್ತದೆ. ವೈದ್ಯರಲ್ಲದೆ ಬೇರೆ ಬೇರೆ ಹಿನ್ನೆಲೆಯವರೂ ಈ ವಿದ್ಯೆಗೆ ಬರುವುದರಿಂದಲೇ ಹಲವು ಬಗೆಯ ಪರೀಕ್ಷೆಗಳ ಪ್ರಶ್ನೆಯೂ ಹುಟ್ಟುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಎಂ.ಪಿ.ಎಚ್. ಪಡೆದ ಮಾತ್ರಕ್ಕೆ ಅಮೆರಿಕದಲ್ಲಿ ವೈದ್ಯವೃತ್ತಿ ನಡೆಸುವ ಅನುಮತಿ ದೊರೆಯುವುದಿಲ್ಲ. ಅಲ್ಲಿ ವೈದ್ಯರಾಗಬೇಕೆಂಬ ಎಂ.ಬಿ.ಬಿ.ಎಸ್. ಪದವೀಧರರಿಗೆ ಯು.ಎಸ್.ಎಂ.ಎಲ್.ಇ. ಎಂಬ ಬೇರೆಯೇ ಪರೀಕ್ಷಾ ಸರಣಿ ಇದೆ. ಅದರ ನಂತರ ಆಸ್ಪತ್ರೆಯಲ್ಲಿ ರೆಸಿಡೆನ್ಸಿ ತರಬೇತಿ ಪಡೆಯಬೇಕು. ಎರಡೂ ಹಾದಿಗಳು ಗೌರವದವೇ, ಆದರೆ ಬೇರೆ ಬೇರೆ. ಮಗ ಅಥವಾ ಮಗಳು ಯಾವ ಹಾದಿಯನ್ನು ಬಯಸುತ್ತಿದ್ದಾರೆ ಎಂಬುದನ್ನು ಮನೆಯಲ್ಲಿ ಕುಳಿತು ಮಾತನಾಡಿ ನಿಶ್ಚಯಿಸಿದ ಬಳಿಕವೇ ಸಾಲದ ಅರ್ಜಿಗೆ ಸಹಿ ಹಾಕುವುದು ಒಳಿತು.

ಜಿ.ಆರ್.ಇ.

ಅಮೆರಿಕದ ಸ್ನಾತಕೋತ್ತರ ವ್ಯಾಸಂಗಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ಸಾಮಾನ್ಯ ಪರೀಕ್ಷೆ ಜಿ.ಆರ್.ಇ. ಇದನ್ನು ಇ.ಟಿ.ಎಸ್. ಎಂಬ ಸಂಸ್ಥೆ ನಡೆಸುತ್ತದೆ. ಭಾಷಾ ಸಾಮರ್ಥ್ಯಕ್ಕೆ 130ರಿಂದ 170, ಗಣಿತ ಸಾಮರ್ಥ್ಯಕ್ಕೆ 130ರಿಂದ 170, ವಿಶ್ಲೇಷಣಾತ್ಮಕ ಬರವಣಿಗೆಗೆ 0ಯಿಂದ 6 ಅಂಕಗಳಿವೆ. 2023ರ ಸೆಪ್ಟೆಂಬರ್‌ನಿಂದ ಪರೀಕ್ಷೆಯನ್ನು ಮೊಟಕುಗೊಳಿಸಲಾಗಿದ್ದು, ಈಗ ಅದು ಸುಮಾರು 1 ಗಂಟೆ 58 ನಿಮಿಷಗಳದ್ದಾಗಿದೆ. ಹಳೆಯ ಪುಸ್ತಕಗಳನ್ನು ಹಿಡಿದು ಸಿದ್ಧತೆ ಮಾಡುವವರು ಈ ಬದಲಾವಣೆಯನ್ನು ಗಮನಿಸಬೇಕು. ಅಂಕಗಳಿಗೆ 5 ವರುಷಗಳ ಮಾನ್ಯತೆ ಇದೆ. ಫಲಿತಾಂಶ ತೃಪ್ತಿ ತರದಿದ್ದರೆ 21 ದಿನಗಳ ನಂತರ ಮತ್ತೆ ಬರೆಯಬಹುದು.

ಪಿಯುಸಿಯಲ್ಲಿ ಗಣಿತವನ್ನು ಬಿಟ್ಟು ಜೀವಶಾಸ್ತ್ರವನ್ನು ಓದಿದವರಿಗೆ ಈ ಪರೀಕ್ಷೆಯ ಗಣಿತ ಭಾಗದ ಬಗ್ಗೆ ಭಯವಿರುತ್ತದೆ. ಅಂಕಗಣಿತ, ಬೀಜಗಣಿತ, ರೇಖಾಗಣಿತ ಮತ್ತು ದತ್ತಾಂಶಗಳ ವಿವೇಚನೆ, ಇಷ್ಟೇ ಅಲ್ಲಿರುವುದು, ಕಲನಶಾಸ್ತ್ರದ ಪ್ರಶ್ನೆಗಳಿಲ್ಲ. ಪ್ರೌಢಶಾಲೆಯ ಗಣಿತವನ್ನು ಶ್ರದ್ಧೆಯಿಂದ ಮರಳಿ ಓದಿದರೆ ಈ ಭಾಗ ಕೈಗೆಟಕದ ಹಣ್ಣೇನಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ಹೆಚ್ಚು ಶ್ರಮ ಬೇಕಾಗುವುದು ಭಾಷಾ ಭಾಗಕ್ಕೆ.

ಎಂಕ್ಯಾಟ್ ಮತ್ತು ಇತರ ಪರೀಕ್ಷೆಗಳು

ಎಂಕ್ಯಾಟ್ ಎಂಬುದು ಅಮೆರಿಕದ ವೈದ್ಯಕೀಯ ಕಾಲೇಜುಗಳಿಗೆ ಸೇರಲು ಬರೆಯುವ ಪರೀಕ್ಷೆ. ವಿರಾಮವೂ ಸೇರಿ ಸುಮಾರು ಏಳೂವರೆ ಗಂಟೆಗಳ ಈ ಪರೀಕ್ಷೆಯಲ್ಲಿ 472ರಿಂದ 528ರವರೆಗೆ ಅಂಕಗಳಿರುತ್ತವೆ. ಜಿಮ್ಯಾಟ್ ವ್ಯವಹಾರಾಡಳಿತ ಶಾಲೆಗಳಿಗೆ, ಎಲ್‌ಸ್ಯಾಟ್ ಕಾನೂನು ಶಾಲೆಗಳಿಗೆ, ಡ್ಯಾಟ್ ದಂತವೈದ್ಯಕೀಯ ಶಾಲೆಗಳಿಗೆ ಸಂಬಂಧಿಸಿದವು. ಸಾರ್ವಜನಿಕ ಆರೋಗ್ಯದ ಕೆಲವು ಶಾಲೆಗಳು ಜಿ.ಆರ್.ಇ. ಬದಲಿಗೆ ಇವುಗಳ ಅಂಕಗಳನ್ನೂ ಒಪ್ಪುತ್ತವೆ. ಇದನ್ನು ಓದಿದವರು ‘ನಮ್ಮ ಮಗಳು ವೈದ್ಯೆ, ಆದ್ದರಿಂದ ಎಂಕ್ಯಾಟ್ ಬರೆಯುವುದೇ ಯೋಗ್ಯ’ ಎಂದು ಭಾವಿಸುವುದುಂಟು. ಹಾಗೆ ಭಾವಿಸಬಾರದು. ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯ ಎರಡೂ ಪದವಿಗಳನ್ನು ಜೊತೆಯಾಗಿ ಓದುವ, ಅಥವಾ ಬೇರೆ ಉದ್ದೇಶಕ್ಕಾಗಿ ಆ ಪರೀಕ್ಷೆಯನ್ನು ಈಗಾಗಲೇ ಬರೆದಿರುವ ಅಲ್ಲಿನ ವಿದ್ಯಾರ್ಥಿಗಳಿಗೆ ಎರಡನೆಯ ಪರೀಕ್ಷೆಯ ಹೊರೆ ಬೀಳದಿರಲಿ ಎಂಬ ಕಾರಣಕ್ಕೆ ಈ ಸೌಲಭ್ಯವಿದೆ. ಎಂ.ಪಿ.ಎಚ್. ಒಂದಕ್ಕಾಗಿಯೇ ನಮ್ಮ ಮಕ್ಕಳು ಹೊಸದಾಗಿ ಎಂಕ್ಯಾಟ್‌ಗೆ ಓದುವುದು ಶ್ರಮದ ಅಪವ್ಯಯ. ಪರೀಕ್ಷೆ ಬೇಕೇ ಬೇಕೆಂದಾದರೆ ಅವರಿಗೆ ಜಿ.ಆರ್.ಇ. ಸಾಕು.

ಎಂ.ಬಿ.ಬಿ.ಎಸ್. ಅಥವಾ ಅದಕ್ಕಿಂತ ಹೆಚ್ಚಿನ ಪದವಿ ಪಡೆದವರಿಗೆ ಕೆಲವು ಶಾಲೆಗಳು ಪರೀಕ್ಷೆಯಿಂದ ವಿನಾಯಿತಿ ನೀಡುತ್ತವೆ. ಕೆಲವು ಶಾಲೆಗಳಲ್ಲಿ ಅಂತಹ ವಿನಾಯಿತಿ ಅಮೆರಿಕದಲ್ಲಿಯೇ ಪದವಿ ಪಡೆದವರಿಗೆ ಮಾತ್ರ. ವಿನಾಯಿತಿ ಇದೆಯೆಂದು ಊಹಿಸಿಕೊಳ್ಳದೆ, ಪ್ರವೇಶ ವಿಭಾಗಕ್ಕೆ ಇ-ಮೇಲ್ ಬರೆದು ಲಿಖಿತ ಉತ್ತರ ಪಡೆದು ಇಟ್ಟುಕೊಳ್ಳಬೇಕು.

‘ಕಡ್ಡಾಯ’, ‘ಐಚ್ಛಿಕ’, ‘ಪರಿಗಣಿಸುವುದಿಲ್ಲ’

2020ರ ಕೋವಿಡ್ ಕಾಲದಲ್ಲಿ ಪರೀಕ್ಷಾ ಕೇಂದ್ರಗಳು ಮುಚ್ಚಿದಾಗ ಹಲವು ಶಾಲೆಗಳು ಜಿ.ಆರ್.ಇ. ನಿಯಮವನ್ನು ಸಡಿಲಿಸಿದವು. ಬಳಿಕವೂ ಅನೇಕ ಎಂ.ಪಿ.ಎಚ್. ಪಠ್ಯಕ್ರಮಗಳಲ್ಲಿ ಅದು ಕಡ್ಡಾಯವಾಗಿ ಉಳಿಯಲಿಲ್ಲ. ಈಗ ಪಠ್ಯಕ್ರಮಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಬಹುದು. ಕಡ್ಡಾಯವೆಂದಿದ್ದರೆ ಬರೆಯಲೇಬೇಕು. ಪರಿಗಣಿಸುವುದಿಲ್ಲ ಎಂದಿದ್ದರೆ ಎಷ್ಟೇ ಅಂಕ ಬಂದಿದ್ದರೂ ಅದಕ್ಕೆ ಅಲ್ಲಿ ಬೆಲೆಯಿಲ್ಲ. ವಿಚಾರ ಮಾಡಬೇಕಾದುದು ಐಚ್ಛಿಕ ಎಂದಿರುವಲ್ಲಿ ಮಾತ್ರ. ಒಂದೇ ಶಾಲೆಯಲ್ಲಿ ಎಂ.ಪಿ.ಎಚ್.ಗೆ ಒಂದು ನಿಯಮ, ಸಂಖ್ಯಾಶಾಸ್ತ್ರದ ಎಂ.ಎಸ್. ಅಥವಾ ಪಿಎಚ್.ಡಿ.ಗೆ ಮತ್ತೊಂದು ನಿಯಮ ಇರಬಹುದೆಂಬುದನ್ನು ಮರೆಯಬಾರದು. ನಿಯಮಗಳು ವರುಷದಿಂದ ವರುಷಕ್ಕೆ ಬದಲಾಗುವುದರಿಂದ, ಹಿಂದೆ ಹೋದವರ ಮಾತಿಗಿಂತ ಆಯಾ ವರುಷದ ಪ್ರಕಟಣೆಯೇ ಪ್ರಮಾಣ.

ಐಚ್ಛಿಕವಾಗಿರುವಲ್ಲಿ ಅಂಕ ಕಳುಹಿಸಬೇಕೆ ಬೇಡವೆ ಎಂಬುದಕ್ಕೆ ನಾವು ಒಂದು ಸರಳ ಪ್ರಶ್ನೆಯನ್ನು ಸೂಚಿಸುತ್ತೇವೆ: ಅರ್ಜಿಯ ಉಳಿದ ಭಾಗ ಹೇಳದ ಯಾವ ಮಾತನ್ನು ಈ ಅಂಕ ಹೇಳುತ್ತದೆ? ದಂತವೈದ್ಯಕೀಯ ಓದಿದ ವಿದ್ಯಾರ್ಥಿಯ ಅಂಕಪಟ್ಟಿಯಲ್ಲಿ ಗಣಿತವೇ ಕಾಣಿಸುವುದಿಲ್ಲ. ಆತ ರೋಗಗಳ ಲೆಕ್ಕಾಚಾರವೇ ಮುಖ್ಯವಾದ ವಿಭಾಗವನ್ನು ಬಯಸಿದ್ದರೆ, ಗಣಿತ ಭಾಗದ ಉತ್ತಮ ಅಂಕ ಅವನ ಪರವಾಗಿ ಮಾತನಾಡುತ್ತದೆ. ಪದವಿಯಲ್ಲಿ ಅಂಕ ಕಡಿಮೆಯಾಗಿ, ಅನಂತರ ದುಡಿದು ಪಕ್ವಗೊಂಡವರಿಗೂ ಇದು ನೆರವಾದೀತು. ಸಂಖ್ಯಾಶಾಸ್ತ್ರವನ್ನು ಪದವಿಯಲ್ಲಿಯೇ ಓದಿ ಒಳ್ಳೆಯ ಅಂಕ ಪಡೆದವಳಿಗೆ ಮತ್ತೊಂದು ಸಾಕ್ಷಿ ಬೇಕಿಲ್ಲ. ಗ್ರಾಮೀಣ ಆರೋಗ್ಯ ಕೇಂದ್ರದಲ್ಲಿ ವರುಷಗಟ್ಟಲೆ ಕೆಲಸ ಮಾಡಿದ ನರ್ಸ್ ಸಹೋದರಿಗೆ ಆ ಕಾಯಕವೇ ದೊಡ್ಡ ಅರ್ಹತೆ. ಆಕೆ ತನ್ನ ಸಮಯವನ್ನು ಉದ್ದೇಶ ಪತ್ರ ಬರೆಯುವುದಕ್ಕೆ ವಿನಿಯೋಗಿಸುವುದು ಲೇಸು. ಅಂಕ ಸಾಧಾರಣವಾಗಿ ಬಂದಿದ್ದರೆ, ಐಚ್ಛಿಕವಾಗಿರುವ ಕಡೆ ಅದನ್ನು ಕಳುಹಿಸಬೇಕೆಂಬ ನಿರ್ಬಂಧವಿಲ್ಲ.

ಇಂಗ್ಲಿಷ್ ಪರೀಕ್ಷೆ ಬೇರೆ

ಜಿ.ಆರ್.ಇ. ಬೇಡ ಎಂದರೆ ಯಾವ ಪರೀಕ್ಷೆಯೂ ಬೇಡ ಎಂದು ಅರ್ಥವಲ್ಲ. ಟೋಫೆಲ್ ಅಥವಾ ಐಇಎಲ್‌ಟಿಎಸ್ ಇಂಗ್ಲಿಷ್ ಭಾಷೆಯ ಪರೀಕ್ಷೆಗಳು. ಅವುಗಳ ನಿಯಮ ಪ್ರತ್ಯೇಕ. ಇಂಗ್ಲಿಷ್ ಮಾಧ್ಯಮದಲ್ಲಿ ಪದವಿ ಓದಿದವರಿಗೆ ಕೆಲವು ವಿಶ್ವವಿದ್ಯಾಲಯಗಳು ವಿನಾಯಿತಿ ನೀಡುತ್ತವೆ, ಕೆಲವು ನೀಡುವುದಿಲ್ಲ. ಇವುಗಳ ಅಂಕಗಳಿಗೆ 2 ವರುಷಗಳ ಮಾನ್ಯತೆ ಮಾತ್ರ ಇರುವುದರಿಂದ ತೀರ ಮುಂಚೆಯೇ ಬರೆದಿಡುವುದೂ ಸರಿಯಲ್ಲ.

ಕಾಲದ ಲೆಕ್ಕ ಮತ್ತು ಕಾಗದಪತ್ರ

ಅಮೆರಿಕದ ಸಾರ್ವಜನಿಕ ಆರೋಗ್ಯ ಶಾಲೆಗಳಲ್ಲಿ ಹಲವು ‘ಸೋಫಾಸ್’ ಎಂಬ ಸಾಮಾನ್ಯ ಅರ್ಜಿ ವ್ಯವಸ್ಥೆಯ ಮೂಲಕ ಅರ್ಜಿ ಸ್ವೀಕರಿಸುತ್ತವೆ. ಒಂದೇ ಅರ್ಜಿಯನ್ನು ಹಲವು ಶಾಲೆಗಳಿಗೆ ಕಳುಹಿಸಬಹುದು. ಆದರೆ ಪ್ರತಿ ಪಠ್ಯಕ್ರಮಕ್ಕೂ ಶುಲ್ಕವಿದೆ. ಜಿ.ಆರ್.ಇ. ಅಂಕ ಕಳುಹಿಸುವಾಗ ಆಯಾ ಶಾಲೆ ಸೋಫಾಸ್‌ಗಾಗಿ ಸೂಚಿಸಿದ ಸಂಕೇತ ಸಂಖ್ಯೆಯನ್ನೇ ಬಳಸಬೇಕು. ವಿಶ್ವವಿದ್ಯಾಲಯದ ಸಾಮಾನ್ಯ ಸಂಕೇತ ಅದಕ್ಕಿಂತ ಬೇರೆಯಾಗಿರಬಹುದು. ಹಾಗಿದ್ದಲ್ಲಿ ಅಂಕ ಬೇರೆ ಕಚೇರಿಗೆ ತಲುಪಿ ಅರ್ಜಿ ಅಪೂರ್ಣವಾಗಿ ಉಳಿಯುತ್ತದೆ. ವಿದೇಶದ ಅಂಕಪಟ್ಟಿಗಳನ್ನು ಮೌಲ್ಯಮಾಪನ ಸಂಸ್ಥೆಯ ಮೂಲಕ ಕಳುಹಿಸಬೇಕೆಂದು ಹಲವು ಶಾಲೆಗಳು ಕೇಳುತ್ತವೆ. ನಮ್ಮ ವಿಶ್ವವಿದ್ಯಾಲಯದಿಂದ ಮುದ್ರೆ ಹಾಕಿದ ಪ್ರತಿಗಳನ್ನು ಪಡೆಯುವುದಕ್ಕೂ, ಅವು ಅಲ್ಲಿಗೆ ತಲುಪುವುದಕ್ಕೂ ವಾರಗಳು ಬೇಕು. ಪರೀಕ್ಷೆಗೆ ಮೂರು ತಿಂಗಳು ಓದಿ, ಕಾಗದಪತ್ರಕ್ಕೆ ಮೂರು ದಿನ ಇಟ್ಟುಕೊಂಡರೆ ಅರ್ಜಿ ಗಡುವಿನೊಳಗೆ ಮುಟ್ಟುವುದು ಕಷ್ಟ.

ಹೆಸರಿನ ವಿಷಯವೂ ಮುಖ್ಯ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪದವಿ ಪ್ರಮಾಣಪತ್ರದಲ್ಲಿ ತಂದೆಯ ಹೆಸರು, ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು, ಹೀಗೆ ಒಬ್ಬರಿಗೇ ಮೂರು ರೂಪಗಳಿರುತ್ತವೆ. ಪರೀಕ್ಷೆಗೆ ನೋಂದಾಯಿಸುವಾಗ ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರನ್ನು ಬರೆಯಬೇಕು. ಪಾಸ್‌ಪೋರ್ಟ್ ತಿದ್ದಿಸುವುದಿದ್ದರೆ ಅದನ್ನು ನೋಂದಣಿಗೆ ಮೊದಲೇ ಮುಗಿಸಬೇಕು.

ಪಾಲಕರಲ್ಲಿ ನಮ್ಮ ವಿನಂತಿ

ಮೊದಲು ಐದಾರು ಪಠ್ಯಕ್ರಮಗಳನ್ನು ಆರಿಸಿ. ಅವು ಸೆಫ್ ಎಂಬ ಅಲ್ಲಿನ ಮಾನ್ಯತಾ ಮಂಡಳಿಯ ಮನ್ನಣೆ ಪಡೆದಿವೆಯೆ ಎಂದು ನೋಡಿ. ಒಂದು ಹಾಳೆಯಲ್ಲಿ ಪಠ್ಯಕ್ರಮದ ಹೆಸರು, ಪ್ರವೇಶ ಪರೀಕ್ಷೆಯ ನಿಯಮ, ಇಂಗ್ಲಿಷ್ ಪರೀಕ್ಷೆಯ ನಿಯಮ, ಕೊನೆಯ ದಿನಾಂಕ, ಒಟ್ಟು ವೆಚ್ಚ, ವಿದ್ಯಾರ್ಥಿವೇತನ ಇವುಗಳನ್ನು ಮಕ್ಕಳ ಕೈಯಿಂದಲೇ ಬರೆಸಿ. ಆರರಲ್ಲಿ ಆರೂ ಪರೀಕ್ಷೆ ಬೇಡವೆಂದರೆ ತರಬೇತಿಯ ಹಣ ಉಳಿಯಿತು. ಒಂದು ಮಾತ್ರ ಕಡ್ಡಾಯವೆಂದರೆ ಆ ಒಂದಕ್ಕಾಗಿ ಬರೆಯಬೇಕೆ ಎಂದು ವಿವೇಚಿಸಿ. ಈ ಹಾಳೆ ಸಿದ್ಧವಾಗುವವರೆಗೆ ಯಾವ ಕೇಂದ್ರಕ್ಕೂ ಮುಂಗಡ ಕಟ್ಟಬೇಡಿ. ಹಣಕ್ಕೆ ಸೀಟು ಕೊಡಿಸುವೆವು ಎನ್ನುವವರನ್ನು ನಂಬಬೇಡಿ.

ಅಮೆರಿಕವೊಂದೇ ದಾರಿಯಲ್ಲ ಎಂಬುದನ್ನೂ ತಿಳಿಸಬಯಸುತ್ತೇವೆ. ಎಂ.ಬಿ.ಬಿ.ಎಸ್. ಮುಗಿಸಿದವರು ನೀಟ್ ಪಿಜಿ ಮೂಲಕ ಸಮುದಾಯ ವೈದ್ಯಶಾಸ್ತ್ರದಲ್ಲಿ ಎಂ.ಡಿ. ಮಾಡಬಹುದು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರದಲ್ಲಿ ಎಂ.ಪಿ.ಎಚ್. ವ್ಯಾಸಂಗಕ್ಕೆ ಬಹುಕಾಲದಿಂದ ಒಳ್ಳೆಯ ಹೆಸರಿದೆ. ಕರ್ನಾಟಕದಲ್ಲಿಯೂ ಈ ಪದವಿ ನೀಡುವ ಸಂಸ್ಥೆಗಳಿವೆ. ಇಲ್ಲಿ ಓದಿ, ನಾಲ್ಕು ವರುಷ ದುಡಿದು, ಅನುಭವದೊಂದಿಗೆ ವಿದೇಶಕ್ಕೆ ಹೋಗುವುದೂ ಸಾಧ್ಯ.

ಊರಿನ ನೀರು, ಗಾಳಿ, ತಾಯಿ ಮಕ್ಕಳ ಆರೋಗ್ಯವನ್ನು ಕಾಯುವ ವಿದ್ಯೆ ಇದು. ಇದನ್ನು ಕಲಿಯಲು ಹೊರಟ ಮಕ್ಕಳ ಶ್ರಮವೂ, ಅವರನ್ನು ಕಳುಹಿಸುವ ತಂದೆ ತಾಯಿಯರ ಬೆವರಿನ ಹಣವೂ ಬೇಡದ ಪರೀಕ್ಷೆಯಲ್ಲಿ ಕರಗಿಹೋಗದಿರಲಿ ಎಂಬುದು ನಮ್ಮ ಹಾರೈಕೆ.