ಹಳೆಯ ಫಿಯಾಟ್ ಕೊಳ್ಳುವ ಮುನ್ನ: ಬಣ್ಣ ನೋಡಿದರೆ ಸಾಲದು, ನಂಬರ್ ಓದಿರಿ



ಕಳೆದ ತಿಂಗಳು ನಮ್ಮ ವಾಟ್ಸಾಪ್ ಗುಂಪಿಗೆ ಒಂದು ಫೋಟೊ ಬಂತು. ಕೆಂಪು ಬಣ್ಣದ ಹಳೆಯ ಕಾರು, ಹೊಳೆಯುವ ಬಂಪರ್. ಕೆಳಗೆ ‘ಇಟಾಲಿಯನ್ ಕ್ಲಾಸಿಕ್ ಸ್ಪೋರ್ಟ್ಸ್ ಕಾರ್, ಪೂರ್ತಿ ಹೊಸದಾಗಿ ಮಾಡಿಸಿದ್ದು, ಮಾರಾಟಕ್ಕಿದೆ’ ಎಂಬ ಬರಹ. ಕಾರು ನಮ್ಮ ಜತ್ತ ತಾಲೂಕಿನದೇ. ಕೊಳ್ಳಲು ಹೊರಟವರು ವಿಜಯಪುರ ಕಡೆಯ ಸದಸ್ಯರೊಬ್ಬರು. ಮುಂಗಡ ಕೊಡುವ ಮೊದಲು ಫೋನ್ ಮಾಡಿ, “ಸರ್, ಕರಾರುಪತ್ರ ಮರಾಠಿಯೊಳಗ ಐತಿ, ಒಮ್ಮೆ ಓದಿ ಹೇಳ್ರಿ” ಎಂದರು. ಓದಿದೆವು. ಅದರಿಂದ ತಿಳಿದದ್ದು ಎಲ್ಲರಿಗೂ ಉಪಯೋಗವಾದೀತೆಂದು ಈ ಬರಹ.

ಮೊದಲು ಕಾರಿನ ವಿಷಯ. ಅದು ಫಿಯಾಟ್ 1100. ಸೊಲ್ಲಾಪುರದಲ್ಲಿ ಹುಟ್ಟಿದ ವಾಲ್‌ಚಂದ್ ಹಿರಾಚಂದ್ ಅವರು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಸಾಂಗಲಿಯ ಇಂಜಿನಿಯರಿಂಗ್ ಕಾಲೇಜಿಗೆ ಇರುವುದೂ ಅವರದೇ ಹೆಸರು. ಇಟಲಿಯ ಫಿಯಾಟ್ ಕಂಪನಿಯ ಪರವಾನಿಗೆಯಲ್ಲಿ ಮುಂಬಯಿಯ ಕುರ್ಲಾ ಕಾರ್ಖಾನೆಯಲ್ಲಿ ಈ ಕಾರುಗಳು ತಯಾರಾದವು. ಮೊದಲ ಮಾದರಿಗೆ ಮರಾಠಿ ಜನ ಪ್ರೀತಿಯಿಂದ ‘ಡುಕ್ಕರ್ ಫಿಯಾಟ್’, ಅಂದರೆ ಹಂದಿ ಫಿಯಾಟ್ ಎಂದರು. 1964ರಲ್ಲಿ ‘ಡಿಲೈಟ್’ ಬಂತು, 1974ರಲ್ಲಿ ಪದ್ಮಿನಿ ಎಂಬ ಹೆಸರಾಯಿತು. ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು 12,000 ರೂಪಾಯಿಯ ಫಿಯಾಟ್ ಕೊಳ್ಳಲು ಬ್ಯಾಂಕಿನಿಂದ 5,000 ರೂಪಾಯಿ ಸಾಲ ಮಾಡಿದ್ದರು. ಅವರು ತೀರಿಕೊಂಡ ಮೇಲೆ ಪತ್ನಿ ತಮ್ಮ ಪಿಂಚಣಿಯಲ್ಲಿ ಆ ಸಾಲ ತೀರಿಸಿದರು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿದದ್ದು 2023ರ ಅಕ್ಟೋಬರ್‌ನಲ್ಲಿ.

ಇದು ಸ್ಪೋರ್ಟ್ಸ್ ಕಾರೇ? ಅಲ್ಲ, ಸಂಸಾರಸ್ಥರ ಕಾರು. ಆದರೆ ನಂಟು ಇಲ್ಲವೆನ್ನಲಾಗದು. ಇಟಲಿಯ ಚಿಸಿಟಾಲಿಯಾ 202 ಎಂಬ ಸ್ಪೋರ್ಟ್ಸ್ ಕಾರನ್ನು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 1951ರಲ್ಲಿ ಕಲಾಕೃತಿಯೆಂದು ಪ್ರದರ್ಶನಕ್ಕಿಟ್ಟಿತ್ತು. ಅದರ ಎಂಜಿನ್ ಫಿಯಾಟ್ 1100ರ ಮನೆತನದ್ದು, 1089 ಸಿಸಿ. ನಮ್ಮ ಪದ್ಮಿನಿಯದೂ 1089 ಸಿಸಿಯೇ. ಮಾರುವವರು ಈ ನಂಟನ್ನೇ ಹಿಡಿದು ಬೆಲೆ ಏರಿಸುತ್ತಾರೆ.

ಹಳೆಯ ಕಾರಿನ ನಿಜವಾದ ಬೆಲೆ ಎಲ್ಲಿದೆ? 1962ರ ಒಂದು ಫೆರಾರಿ 250 ಜಿಟಿಒ 2023ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ 5 ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಹೋಯಿತು. ಅಂಥ ಕಾರುಗಳನ್ನು ಕೊಳ್ಳುವವರು ಮೊದಲು ಕೇಳುವುದು ಚಾಸಿಸ್ ಮತ್ತು ಎಂಜಿನ್ ನಂಬರ್ ಮೂಲದ್ದೇ ಎಂದು. ಫೆರಾರಿ ಕಂಪನಿ ಅದನ್ನು ಪರಿಶೀಲಿಸಿ ಪ್ರಮಾಣಪತ್ರವನ್ನೂ ಕೊಡುತ್ತದೆ. ಬಣ್ಣ ಮತ್ತೆ ಬಳಿಸಬಹುದು, ಸೀಟು ಮತ್ತೆ ಹೊಲಿಸಬಹುದು. ಕಳೆದುಹೋದ ದಾಖಲೆ ಮತ್ತೆ ಹುಟ್ಟಿಸುವುದು ಕಷ್ಟ. ಕೋಟಿಯ ಫೆರಾರಿಗೂ ಲಕ್ಷದ ಫಿಯಾಟಿಗೂ ಇದು ಒಂದೇ ಮಾತು.

ಆದ್ದರಿಂದ ಕೊಳ್ಳುವವರು ಹೀಗೆ ಮಾಡಿರಿ.

1. ಒಂದು ಸಣ್ಣ ಅಯಸ್ಕಾಂತ ಒಯ್ಯಿರಿ. ಬಾಗಿಲ ಕೆಳಭಾಗ, ಚಕ್ರದ ಮೇಲಿನ ತಗಡಿಗೆ ಹಚ್ಚಿ ನೋಡಿರಿ. ಅಂಟದಿದ್ದರೆ ಬಣ್ಣದ ಕೆಳಗೆ ತಗಡಿಲ್ಲ, ಪುಟ್ಟಿ ಇದೆ. ಮ್ಯಾಟ್ ಎತ್ತಿ ನೆಲದ ತುಕ್ಕು ನೋಡಿರಿ.

2. ಚಾಸಿಸ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ಅದನ್ನೂ ಎಂಜಿನ್ ನಂಬರನ್ನೂ ಆರ್‌ಸಿಯೊಂದಿಗೆ ಅಕ್ಷರ ಅಕ್ಷರ ತಾಳೆ ನೋಡಿರಿ. ಎಂಜಿನ್ ಬದಲಾಗಿದ್ದರೆ ಅದು ಆರ್‌ಸಿಯಲ್ಲಿ ದಾಖಲಾಗಿರಬೇಕು.

3. ಆರ್‌ಸಿ ಯಾರ ಹೆಸರಿನಲ್ಲಿದೆ? ಮಾಲೀಕರು ತೀರಿಕೊಂಡಿದ್ದರೆ ಮೊದಲು ವಾರಸುದಾರರ ಹೆಸರಿಗೆ ಆಗಬೇಕು. ಅದಕ್ಕೆ ಫಾರ್ಮ್ 31. ಆಮೇಲೆ ಮಾರಾಟಕ್ಕೆ ಫಾರ್ಮ್ 29 ಮತ್ತು 30.

4. ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಅದು ಚಾಲ್ತಿಯಲ್ಲಿದೆಯೇ, ತೆರಿಗೆ ಬಾಕಿ ಇದೆಯೇ ನೋಡಿರಿ.

ಗಡಿಯವರಾದ ನಮಗೆ ಇನ್ನೊಂದು ಹೆಜ್ಜೆ ಉಂಟು. ಎಂಎಚ್ 10 ಕಾರು ವಿಜಯಪುರಕ್ಕೆ ಹೋಗಿ ಕೆಎ 28 ಆಗಬೇಕಾದರೆ ಸಾಂಗಲಿ ಆರ್‌ಟಿಒದಿಂದ ಫಾರ್ಮ್ 28ರಲ್ಲಿ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ ಬೇಕು. ಬೇರೆ ರಾಜ್ಯದ ಕಾರನ್ನು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿಯ ಹೊಸ ನಂಬರ್ ಪಡೆಯಲೇಬೇಕು, ಕರ್ನಾಟಕದ ತೆರಿಗೆಯನ್ನೂ ತುಂಬಬೇಕು. ಆ ಖರ್ಚನ್ನು ಬೆಲೆ ಮಾತಾಡುವಾಗಲೇ ಲೆಕ್ಕ ಹಿಡಿಯಿರಿ. ಹೆಣ್ಣು ಕೊಟ್ಟು ತರುವುದಕ್ಕೆ ನಮ್ಮ ನಡುವೆ ಗಡಿ ಅಡ್ಡ ಬಂದಿಲ್ಲ. ಕಾರಿಗೆ ಬರುತ್ತದೆ.

‘ವಿಂಟೇಜ್’ ಎಂಬ ಮಾತಿಗೂ ಮರುಳಾಗಬೇಡಿರಿ. 2021ರ ಕೇಂದ್ರ ನಿಯಮದಂತೆ ಮೊದಲ ನೋಂದಣಿಗೆ 50 ವರ್ಷ ತುಂಬಿ, ಮೂಲರೂಪ ಉಳಿದ ವಾಹನ ಮಾತ್ರ ವಿಂಟೇಜ್. 1974ರ ಪದ್ಮಿನಿಗಳಿಗೆ ಈಗ ಆ ವಯಸ್ಸು ಆಗಿದೆ. ಆದರೆ ವಿಂಟೇಜ್ ಎಂದು ನೋಂದಾಯಿಸಿದರೆ ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿ ಇಂಥವಕ್ಕೆ ಮಾತ್ರ ರಸ್ತೆಗಿಳಿಸಬಹುದು. ದಿನಾ ಸಂತೆಗೆ ಒಯ್ಯುವಂತಿಲ್ಲ.

ನಮ್ಮ ಸದಸ್ಯರ ವ್ಯವಹಾರ ಏನಾಯಿತು? ಆರ್‌ಸಿ ತೀರಿಹೋದ ಹಿರಿಯರ ಹೆಸರಿನಲ್ಲೇ ಇತ್ತು. ಮಕ್ಕಳು ಮೂವರು, ಕರಾರಿಗೆ ಸಹಿ ಒಬ್ಬರದೇ. ಎಂಜಿನ್ ನಂಬರ್ ಬೇರೆ. ಮಾರುವವರು ಮೋಸಗಾರರಲ್ಲ. ಅಪ್ಪನ ಕಾರನ್ನು ಸಾಲ ಮಾಡಿ ರಿಪೇರಿ ಮಾಡಿಸಿದ್ದರು, ಕಾಗದದ ಕಡೆ ನೋಡಿರಲಿಲ್ಲ. ಮುಂಗಡ ಕೊಟ್ಟಿದ್ದರೆ ಎರಡು ಮನೆಗಳ ನಡುವೆ ಜಗಳ ಹತ್ತುತ್ತಿತ್ತು. ಈಗ ಅಣ್ಣತಮ್ಮಂದಿರು ಮೂವರೂ ಕೂತು ಫಾರ್ಮ್ 31ರ ತಯಾರಿ ನಡೆಸಿದ್ದಾರೆ. ನಮ್ಮವರು ಕಾಯುತ್ತಿದ್ದಾರೆ.

ಜೀವನವಿಡೀ ಗುಮಾಸ್ತಿಕೆ ಮಾಡಿದ ನಮಗೆ ಕಾರು ಓಡಿಸಲು ಬಾರದು, ಕಾಗದ ಓದಲು ಬರುತ್ತದೆ. ಗಡಿಯಾಚೆಯ ಬಂಧುಗಳು ಮರಾಠಿ ಕರಾರಿಗೆ ಸಹಿ ಹಾಕುವ ಮುನ್ನ ಸಂಘದ ಮಾಸಿಕ ಸಭೆಗೆ ಅದರ ನಕಲು ತನ್ನಿರಿ. ಕೂಡಿ ಓದೋಣ, ಶುಲ್ಕವೇನೂ ಇಲ್ಲ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ